ಶಿಶುಪಾಲನಾ ಕೇಂದ್ರಗಳಲ್ಲಿ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು: ಪೋಷಕರು ಹಾಗೂ ಕೇಂದ್ರ ನಿರ್ವಾಹಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಬೊಮ್ಮಸಂದ್ರವು ಹೊಸೂರು ರಸ್ತೆಯಲ್ಲಿರುವ ಪ್ರಮುಖ ಕೈಗಾರಿಕಾ ಪ್ರದೇಶವಾಗಿದೆ. ಬೊಮ್ಮಸಂದ್ರ, ಹೆಬ್ಬಗೋಡಿ, ಚಂದಾಪುರ, ಜಿಗಣಿ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆ ಮತ್ತು ಕಛೇರಿಗಳಲ್ಲಿ ದುಡಿಯುವ ಅನೇಕ ಪೋಷಕರ ಮಕ್ಕಳು ದಿನದ ಬಹುಭಾಗವನ್ನು ಶಿಶುಪಾಲನಾ ಕೇಂದ್ರಗಳಲ್ಲಿ ಕಳೆಯುತ್ತಾರೆ. ಬಾಡಿಗೆ ಮನೆ ಹಾಗೂ ವಠಾರಗಳಲ್ಲಿ ಬೆಳೆಯುವ ಈ ಮಕ್ಕಳಿಗೆ ಹಿತ್ತಲು, ಕೊಟ್ಟಿಗೆ, ಕೋಳಿಗೂಡುಗಳ ಪರಿಚಯ ಕಡಿಮೆ. ಆದ್ದರಿಂದ ಕೇಂದ್ರದಲ್ಲಿಯೇ ಮೊಟ್ಟೆಗೆ ಕಾವು ಕೊಟ್ಟು ಮರಿ ಹೊರಬರುವುದನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸಕ್ತಿ ಶಿಕ್ಷಕಿಯರಲ್ಲಿಯೂ ಪೋಷಕರಲ್ಲಿಯೂ ಉಂಟಾಗುವುದು ಸಹಜ.

ಈ ಚಟುವಟಿಕೆಯು ನೋಡಲು ಸರಳವಾಗಿದ್ದರೂ ಎರಡು ಜವಾಬ್ದಾರಿಗಳನ್ನು ಒಳಗೊಂಡಿದೆ. ಒಂದು, ಮಕ್ಕಳ ಆರೋಗ್ಯ. ಇನ್ನೊಂದು, ಹುಟ್ಟಿದ ಮರಿಗಳ ಮುಂದಿನ ಜೀವನ. ಕಾವು 21 ದಿನಗಳಿಗೆ ಮುಗಿಯುತ್ತದೆ. ಮರಿಯ ಜವಾಬ್ದಾರಿ ಅಂದು ಆರಂಭವಾಗುತ್ತದೆ. ಈ ಎರಡು ವಿಷಯಗಳನ್ನು ಮುಂಚಿತವಾಗಿ ತೀರ್ಮಾನಿಸದೆ ಮೊಟ್ಟೆಗಳನ್ನು ಕಾವಿಗೆ ಇಡಬಾರದೆಂಬುದೇ ಈ ಮಾಹಿತಿಯ ಮುಖ್ಯ ಉದ್ದೇಶವಾಗಿದೆ.

1. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ

ಕಾರ್ಖಾನೆ ಹಾಗೂ ಕಂಪನಿಗಳು ನಡೆಸುವ ಶಿಶುಪಾಲನಾ ಕೇಂದ್ರಗಳು, ಖಾಸಗಿ ಡೇ ಕೇರ್ ಮತ್ತು ಪ್ಲೇ ಹೋಂಗಳು, ಶಿಶುವಿಹಾರಗಳು ಹಾಗೂ ಅಂಗನವಾಡಿ ಕೇಂದ್ರಗಳು ಈ ಮಾಹಿತಿಯನ್ನು ಬಳಸಿಕೊಳ್ಳಬಹುದು.

ಕಾರ್ಖಾನೆಗಳ ಕಾಯ್ದೆ, 1948ರಡಿ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದ ಕಾರ್ಖಾನೆಗಳು ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಒದಗಿಸಬೇಕಾಗಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಈ ಸೌಲಭ್ಯವನ್ನು ವಿಸ್ತರಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಶಿಶುಪಾಲನಾ ಸೌಲಭ್ಯವನ್ನು ಮುಂದುವರಿಸಲಾಗಿದೆ. ಇಂತಹ ಕೇಂದ್ರಗಳಲ್ಲಿರುವ ಬಹುಪಾಲು ಮಕ್ಕಳು ಐದು ವರ್ಷದೊಳಗಿನವರು ಎಂಬುದನ್ನು ಮುಂದಿನ ಸೂಚನೆಗಳನ್ನು ಓದುವಾಗ ಗಮನದಲ್ಲಿಟ್ಟುಕೊಳ್ಳುವುದು.

2. ಮಕ್ಕಳಿಗೆ ಇದರಿಂದ ತಿಳಿಯುವುದೇನು

ಮೊಟ್ಟೆಯೊಳಗಿನ ಬೆಳವಣಿಗೆಯನ್ನು ಗಮನಿಸುವುದು ಬಹಳ ಹಳೆಯ ಕಲಿಕಾ ವಿಧಾನ. ಗ್ರೀಸ್ ದೇಶದ ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆಯೇ ಕಾವಿನಲ್ಲಿರುವ ಮೊಟ್ಟೆಯಲ್ಲಿ ಮೂರು ದಿನಗಳ ನಂತರ ಹೃದಯವು ಮಿಡಿಯುವ ಕೆಂಪು ಚುಕ್ಕೆಯಂತೆ ಕಾಣುವುದನ್ನು ಬರೆದಿಟ್ಟಿದ್ದಾನೆ. ಈಜಿಪ್ಟ್ ದೇಶದಲ್ಲಿ ಮಣ್ಣಿನ ಗೂಡುಗಳನ್ನು ಕಟ್ಟಿ, ಹದವಾದ ಬಿಸಿ ಕೊಟ್ಟು, ಸಾವಿರಾರು ಮೊಟ್ಟೆಗಳನ್ನು ಮರಿ ಮಾಡಿಸುವ ಪದ್ಧತಿ ಪ್ರಾಚೀನ ಕಾಲದಿಂದಲೂ ಇತ್ತು.

ಮೂರರಿಂದ ಆರು ವರ್ಷದ ಮಕ್ಕಳಿಗೆ ಇದರಿಂದ ದೊರೆಯುವ ತಿಳುವಳಿಕೆ ಮುಖ್ಯವಾಗಿ ಮೂರು ಬಗೆಯದು. ದಿನಗಳನ್ನು ಎಣಿಸುವುದು, ಕಾಯುವುದು ಮತ್ತು ತನಗಿಂತ ಚಿಕ್ಕದಾದ ಜೀವಿಗೆ ತೊಂದರೆಯಾಗದಂತೆ ನಡೆದುಕೊಳ್ಳುವುದು. ಈ ಮೂರನ್ನೂ ಮರಿಯನ್ನು ಕೈಯಲ್ಲಿ ಹಿಡಿಯದೆಯೇ ಕಲಿಯಬಹುದು. ಗೋಡೆಯ ಮೇಲೆ 21 ಮನೆಗಳ ಪಟ್ಟಿಯನ್ನು ಬರೆದು ದಿನಕ್ಕೊಂದು ಮನೆಗೆ ಮಕ್ಕಳಿಂದಲೇ ಬಣ್ಣ ತುಂಬಿಸುವುದು ಉತ್ತಮ ವಿಧಾನ.

3. ಮೊದಲು ತೀರ್ಮಾನವಾಗಬೇಕಾದ ವಿಷಯ: ಮರಿಗಳು ಎಲ್ಲಿಗೆ ಹೋಗುತ್ತವೆ

ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಮರಿ ಹುಟ್ಟಿದ ನಂತರ ಕೇಳಲಾಗುತ್ತದೆ. ಇದನ್ನು ಮೊಟ್ಟೆ ತರುವ ಮೊದಲೇ ಕೇಳಿಕೊಳ್ಳಬೇಕು. ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು.

(ಅ) ಹುಟ್ಟುವ ಮರಿಗಳಲ್ಲಿ ಸರಿಸುಮಾರು ಅರ್ಧದಷ್ಟು ಹುಂಜಗಳಾಗಿರುತ್ತವೆ. ನಾಟಿ ಮರಿಗಳಲ್ಲಿ ಹೇಟೆ ಯಾವುದು, ಹುಂಜ ಯಾವುದು ಎಂಬುದನ್ನು ಮೊದಲ ದಿನವೇ ಗುರುತಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಬೆಳೆದ ಹುಂಜವು ಮುಂಜಾನೆ ಕೂಗುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗಳಲ್ಲಿ ಇದರಿಂದ ನೆರೆಹೊರೆಯವರಿಗೆ ತೊಂದರೆಯಾಗುತ್ತದೆ.

(ಆ) ಒಂದೆರಡು ಕೊಠಡಿಗಳ ಬಾಡಿಗೆ ಮನೆಗಳಲ್ಲಿ ಮರಿ ಸಾಕುವುದು ಮರಿಗೂ ಮಗುವಿಗೂ ಹಿತವಲ್ಲ. ಒಂಟಿ ಮರಿಯನ್ನು ಎಂದಿಗೂ ಕೊಡಬಾರದು. ಕೋಳಿಯು ಗುಂಪಿನಲ್ಲಿ ಬಾಳುವ ಹಕ್ಕಿ. ಒಂಟಿ ಮರಿಯು ಸದಾ ಕೂಗುತ್ತಾ ಸೊರಗುತ್ತದೆ.

(ಇ) ವಾಣಿಜ್ಯ ಕೋಳಿ ಫಾರಂಗಳು ರೋಗ ಹರಡುವ ಭಯದಿಂದ ಹೊರಗಿನ ಮರಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಹಿತ್ತಲಿನಲ್ಲಿ ಕೋಳಿ ಸಾಕುವ, ಬಯಲು ಹಾಗೂ ರಾತ್ರಿ ಕೂಡಲು ಗೂಡು ಇರುವ ಕುಟುಂಬವನ್ನು ಆನೇಕಲ್ ತಾಲ್ಲೂಕಿನ ಗ್ರಾಮಗಳಲ್ಲಿ ಮೊದಲೇ ಗುರುತಿಸಿ, ಎಲ್ಲ ಮರಿಗಳನ್ನೂ ಪಡೆಯಲು ಅವರಿಂದ ಲಿಖಿತ ಒಪ್ಪಿಗೆ ಪಡೆಯುವುದು.

(ಈ) ಹಿತ್ತಲು ಕೋಳಿಗಳಲ್ಲಿ ಹುಂಜಗಳನ್ನು ಬಹುತೇಕ ಮಾಂಸಕ್ಕಾಗಿಯೇ ಸಾಕಲಾಗುತ್ತದೆ. ಈ ಸಂಗತಿಯನ್ನು ಪೋಷಕರಿಂದ ಮರೆಮಾಚಬಾರದು. ಇದಕ್ಕೆ ಒಪ್ಪದ ಪೋಷಕರಿದ್ದಲ್ಲಿ ಚಟುವಟಿಕೆಯನ್ನು ಕೈಬಿಡುವುದು ಅಥವಾ ಪರಿಚ್ಛೇದ 11ರಲ್ಲಿ ತಿಳಿಸಿರುವ ಬದಲಿ ವಿಧಾನವನ್ನು ಅನುಸರಿಸುವುದು ಸೂಕ್ತ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 3ನೇ ಪ್ರಕರಣದಂತೆ ಪ್ರಾಣಿಯು ಯಾರ ವಶದಲ್ಲಿದೆಯೋ ಅವರೇ ಅದರ ಯೋಗಕ್ಷೇಮಕ್ಕೆ ಜವಾಬ್ದಾರರು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 11ನೇ ಪ್ರಕರಣದಡಿ ಅಪರಾಧ. ಮರಿಗಳನ್ನು ಖಾಲಿ ನಿವೇಶನದಲ್ಲಿ, ಕೆರೆಯ ಏರಿಯಲ್ಲಿ ಅಥವಾ ದೇವಸ್ಥಾನದ ಆವರಣದಲ್ಲಿ ಬಿಟ್ಟು ಬರುವುದನ್ನು "ಬಿಡುಗಡೆ" ಎಂದು ಭಾವಿಸಬಾರದು. ತಾಯಿಯಿಲ್ಲದ ಮರಿಯು ಚಳಿಗೆ, ಕಾಗೆ ಹದ್ದುಗಳಿಗೆ, ಬೆಕ್ಕು ನಾಯಿಗಳಿಗೆ ಒಂದೇ ದಿನದಲ್ಲಿ ಬಲಿಯಾಗುತ್ತದೆ.

4. ಮಕ್ಕಳ ವಯಸ್ಸು ಮತ್ತು ಆರೋಗ್ಯ

ಆರೋಗ್ಯವಾಗಿ ಕಾಣುವ ಕೋಳಿಮರಿಯ ಹಿಕ್ಕೆ, ಪುಕ್ಕ ಮತ್ತು ಕಾಲುಗಳಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮರಿ ಓಡಾಡಿದ ಜಾಗ, ನೀರಿನ ತಟ್ಟೆ ಹಾಗೂ ಹೊಟ್ಟಿನ ಮೂಲಕವೂ ಅದು ಹರಡುತ್ತದೆ. ಸೋಂಕು ತಗುಲಿದ 6 ಗಂಟೆಯಿಂದ 6 ದಿನಗಳೊಳಗೆ ಜ್ವರ, ಭೇದಿ ಹಾಗೂ ಹೊಟ್ಟೆನೋವು ಕಾಣಿಸಿಕೊಳ್ಳುತ್ತವೆ. ಚಿಕ್ಕ ಮಕ್ಕಳು ಪದೇ ಪದೇ ಕೈಯನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಮತ್ತು ಅವರ ರೋಗನಿರೋಧಕ ಶಕ್ತಿ ಇನ್ನೂ ಬಲಗೊಂಡಿರದ ಕಾರಣ ಅವರಲ್ಲಿ ಕಾಯಿಲೆ ತೀವ್ರವಾಗಬಹುದು.

ಈ ಕಾರಣದಿಂದ ಐದು ವರ್ಷದೊಳಗಿನ ಮಕ್ಕಳು ಕೋಳಿಮರಿಗಳನ್ನು ಮುಟ್ಟಬಾರದು ಹಾಗೂ ಆ ವಯಸ್ಸಿನ ಮಕ್ಕಳಿರುವ ಶಿಶುಪಾಲನಾ ಕೇಂದ್ರಗಳಲ್ಲಿ ಮರಿಗಳನ್ನು ಇಡಬಾರದು ಎಂದು ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಸಲಹೆ ನೀಡುತ್ತದೆ. ಸಣ್ಣ ಮಕ್ಕಳ ವಿಷಯದಲ್ಲಿ ಈ ಸಲಹೆಯನ್ನು ಇಲ್ಲಿಯೂ ಪಾಲಿಸುವುದು ವಿವೇಕಯುತ. ಅದರಂತೆ:

- ಮೂರು ವರ್ಷದೊಳಗಿನ ಮಕ್ಕಳಿರುವ ಕೊಠಡಿಯಲ್ಲಿ ಕಾವು ಯಂತ್ರವನ್ನಾಗಲಿ ಮರಿಗಳನ್ನಾಗಲಿ ಇಡಬಾರದು.
- ಮೂರರಿಂದ ಐದು ವರ್ಷದ ಮಕ್ಕಳು ಕಣ್ಣಿನಿಂದ ನೋಡಬೇಕು, ಕೈಯಿಂದ ಮುಟ್ಟಬಾರದು. ಯಂತ್ರವು ಬೇರೊಂದು ಕೊಠಡಿಯಲ್ಲಿದ್ದು, ಮಕ್ಕಳು ಗಾಜಿನ ಕಿಟಕಿಯಿಂದ ಅಥವಾ ಅಡ್ಡಗಟ್ಟೆಯ ಹೊರಗಿನಿಂದ ನೋಡುವಂತಿರಬೇಕು. ಮರಿ ಒಣಗಿದ ನಂತರ ಆದಷ್ಟು ಬೇಗ, ಅಂದೇ ಅಥವಾ ಮರುದಿನವೇ, ಅವುಗಳನ್ನು ಒಪ್ಪಿಕೊಂಡಿರುವ ಕುಟುಂಬಕ್ಕೆ ತಲುಪಿಸುವುದು.
- ಐದು ವರ್ಷ ಮೀರಿದ ಮಕ್ಕಳು ದೊಡ್ಡವರ ಸಮ್ಮುಖದಲ್ಲಿ ನೆಲದ ಮೇಲೆ ಕುಳಿತು, ಎರಡೂ ಅಂಗೈಗಳಲ್ಲಿ ಕ್ಷಣಕಾಲ ಮರಿಯನ್ನು ಹಿಡಿಯಬಹುದು. ಮುತ್ತಿಡುವುದು, ಮುಖಕ್ಕೆ ತಾಗಿಸುವುದು ಕೂಡದು.
- ಮರಿ, ಮೊಟ್ಟೆ ಅಥವಾ ಯಂತ್ರವನ್ನು ಮುಟ್ಟಿದ ಪ್ರತಿಯೊಬ್ಬರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಕೈ ತೊಳೆಯಬೇಕು.
- ಅಡುಗೆ ಮನೆ, ಊಟದ ಜಾಗ ಹಾಗೂ ಹಾಲಿನ ಬಾಟಲಿ ತೊಳೆಯುವ ಸಿಂಕ್‌ನ ಬಳಿ ಮರಿಗಳನ್ನಾಗಲಿ ಅವುಗಳ ತಟ್ಟೆಗಳನ್ನಾಗಲಿ ತರಬಾರದು.
- ಶಿಶುಗಳನ್ನು ನೋಡಿಕೊಳ್ಳುವ ಆಯಾ ಹಾಗೂ ಅಡುಗೆಯವರಿಗೆ ಮರಿಗಳ ಕೆಲಸವನ್ನು ವಹಿಸಬಾರದು.

ಮಗುವಿಗೆ ಜ್ವರ, ಭೇದಿ ಕಂಡುಬಂದಲ್ಲಿ ಪೋಷಕರು ಕೂಡಲೇ ವೈದ್ಯರನ್ನು ಕಾಣಬೇಕು ಮತ್ತು ಕೇಂದ್ರದಲ್ಲಿ ಕೋಳಿಮರಿಗಳಿರುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

5. ಮೊಟ್ಟೆಗಳ ಆಯ್ಕೆ

ಅಂಗಡಿಯಲ್ಲಿ ಮಾರುವ ಫಾರಂ ಮೊಟ್ಟೆಗಳಿಂದ ಮರಿಯಾಗುವುದಿಲ್ಲ. ಆ ಫಾರಂಗಳಲ್ಲಿ ಹೇಟೆಗಳನ್ನು ಹುಂಜವಿಲ್ಲದೆ ಸಾಕುವುದರಿಂದ ಅಂತಹ ಮೊಟ್ಟೆಯಲ್ಲಿ ಮರಿಯ ಅಂಶವೇ ಇರುವುದಿಲ್ಲ. ಕಾವಿಗೆ ಹುಂಜದೊಂದಿಗೆ ಇರುವ ಹೇಟೆಗಳ ಫಲಿತ ಮೊಟ್ಟೆಗಳೇ ಬೇಕು.

ಮೊಟ್ಟೆ ಇಟ್ಟು ಏಳು ದಿನ ಮೀರಿರಬಾರದು. ಬಿರುಕು ಬಿಟ್ಟ, ತೀರಾ ಉದ್ದನೆಯ, ತೀರಾ ಚಿಕ್ಕದಾದ ಹಾಗೂ ಹಿಕ್ಕೆ ಮೆತ್ತಿದ ಮೊಟ್ಟೆಗಳನ್ನು ಬಿಡುವುದು. ಮೊಟ್ಟೆಗಳನ್ನು ನೀರಿನಲ್ಲಿ ತೊಳೆಯಬಾರದು. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿದ್ದು ತೊಳೆದಾಗ ರೋಗಾಣುಗಳು ಒಳಸೇರುತ್ತವೆ. ಚೂಪಾದ ತುದಿ ಕೆಳಗೆ ಬರುವಂತೆ ತಂಪಾದ ಜಾಗದಲ್ಲಿ ಇಡಬೇಕು. ವಾಹನದಲ್ಲಿ ತಂದ ಮೊಟ್ಟೆಗಳನ್ನು ಕಾವಿಗೆ ಇಡುವ ಮೊದಲು 12ರಿಂದ 24 ಗಂಟೆ ಅಲುಗಾಡದಂತೆ ಇಡುವುದು ಒಳ್ಳೆಯದು.

ಹಿತ್ತಲು ಸಾಕಣೆಗಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1989ರಲ್ಲಿ ರೂಪಿಸಲಾದ ಗಿರಿರಾಜ ಹಾಗೂ 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ ಕೋಳಿಗಳು ರಾಜ್ಯದಲ್ಲಿ ಜನಪ್ರಿಯವಾಗಿವೆ. ಆದರೆ ಮಿಶ್ರತಳಿಯ ಮೊಟ್ಟೆಗಳಿಂದ ಹುಟ್ಟುವ ಮರಿಗಳಲ್ಲಿ ಆ ತಳಿಯ ಗುಣಗಳೆಲ್ಲವೂ ಉಳಿಯುವುದಿಲ್ಲ. ಮಕ್ಕಳಿಗೆ ತೋರಿಸುವ ಉದ್ದೇಶಕ್ಕೆ ನಾಟಿ ಕೋಳಿಯ ಮೊಟ್ಟೆಯೇ ಸಾಕು. ಮರಿಗಳನ್ನು ಪಡೆಯಲು ಒಪ್ಪಿದ ಕುಟುಂಬದಿಂದಲೇ ಮೊಟ್ಟೆಗಳನ್ನೂ ಪಡೆದಲ್ಲಿ, ಹುಟ್ಟಿದ ಮರಿಗಳು ತಮ್ಮ ಮೂಲ ಮನೆಗೇ ಹಿಂದಿರುಗುತ್ತವೆ. ಇದು ಎಲ್ಲಕ್ಕಿಂತ ಸುಲಭವಾದ ಏರ್ಪಾಡು. ಆರರಿಂದ ಹನ್ನೆರಡಕ್ಕಿಂತ ಹೆಚ್ಚು ಮೊಟ್ಟೆಗಳನ್ನು ಇಡುವ ಅಗತ್ಯವಿಲ್ಲ.

6. ಕಾವಿನ 21 ದಿನಗಳು

ಕಾವು ಯಂತ್ರವನ್ನು ಮೊಟ್ಟೆ ಇಡುವ 24 ಗಂಟೆ ಮೊದಲೇ ಚಾಲೂ ಮಾಡಿ ಉಷ್ಣತೆ ಸ್ಥಿರವಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಫ್ಯಾನ್ ಇರುವ ಯಂತ್ರದಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕು. ಮೊದಲ 18 ದಿನ ಗಾಳಿಯ ತೇವಾಂಶವು ಶೇಕಡ 50ರಿಂದ 55, ಕೊನೆಯ ಮೂರು ದಿನ ಶೇಕಡ 65ರಿಂದ 70 ಇರಬೇಕು. ಯಂತ್ರವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಕಂಪನಿಗಳ ಕೇಂದ್ರಗಳಲ್ಲಿ ಹಗಲು ಎ.ಸಿ. ನಡೆದು ರಾತ್ರಿ ನಿಲ್ಲುವುದರಿಂದ ಕೊಠಡಿಯ ಉಷ್ಣತೆ ಏರುಪೇರಾಗುತ್ತದೆ ಹಾಗೂ ಗಾಳಿ ಒಣಗುತ್ತದೆ. ಅಂತಹ ಕೊಠಡಿಯು ಸೂಕ್ತವಲ್ಲ. ವೈರುಗಳು ಮಕ್ಕಳ ಕೈಗೆ ಎಟುಕಬಾರದು.

ವಾರದ ಯಾವ ದಿನ ಮೊಟ್ಟೆ ಇಡಬೇಕೆಂಬುದೂ ಮುಖ್ಯ. ಮಂಗಳವಾರ ಇಟ್ಟಲ್ಲಿ 21 ದಿನಗಳು ಮೂರು ವಾರಗಳ ನಂತರದ ಮಂಗಳವಾರ ಪೂರ್ಣಗೊಳ್ಳುತ್ತವೆ. ಮರಿ ಹೊರಬರುವ ಸಮಯದಲ್ಲಿ ಕೇಂದ್ರ ತೆರೆದಿರುತ್ತದೆ. ನಡುವೆ ಬರುವ ಭಾನುವಾರ ಹಾಗೂ ರಜಾ ದಿನಗಳಲ್ಲಿ ಮೊಟ್ಟೆ ತಿರುಗಿಸುವವರು ಯಾರೆಂಬುದನ್ನು ಹೆಸರು ಸಹಿತ ಮೊದಲೇ ಗೊತ್ತುಪಡಿಸಬೇಕು.

1ನೇ ದಿನ: ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲ್‌ನಿಂದ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕುವುದು. ಅಂದಿನಿಂದ 18ನೇ ದಿನದವರೆಗೆ ದಿನಕ್ಕೆ ಕನಿಷ್ಠ ಮೂರು ಬಾರಿ ತಿರುಗಿಸುವುದು. ಬೆಸ ಸಂಖ್ಯೆಯಲ್ಲಿ ತಿರುಗಿಸಿದರೆ ರಾತ್ರಿಯ ದೀರ್ಘಾವಧಿಯಲ್ಲಿ ಪ್ರತಿದಿನ ಬೇರೆ ಬದಿ ಮೇಲಿರುತ್ತದೆ. ತಿರುಗಿಸದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ.

3ನೇ ದಿನ: ಹೃದಯ ಮಿಡಿಯಲು ಆರಂಭವಾಗಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

7ನೇ ದಿನ: ಕತ್ತಲ ಕೊಠಡಿಯಲ್ಲಿ ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿದು ನೋಡಿದಾಗ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳು ಹಾಗೂ ಕಣ್ಣಿನ ಕಪ್ಪು ಚುಕ್ಕೆ ಕಾಣುತ್ತವೆ. ಮಕ್ಕಳಿಗೆ ತೋರಿಸಲು ಇದು ಅತ್ಯುತ್ತಮ ದಿನ. ಏನೂ ಕಾಣದೆ ಸ್ವಚ್ಛವಾಗಿರುವ ಮೊಟ್ಟೆಗಳು ಫಲಿತವಲ್ಲ, ಅವನ್ನು ತೆಗೆಯುವುದು.

14ನೇ ದಿನ: ಎರಡನೇ ಬಾರಿ ಪರೀಕ್ಷೆ. ಮರಿಯು ಮೊಟ್ಟೆಯ ಬಹುಭಾಗವನ್ನು ತುಂಬಿ ಕಪ್ಪಾಗಿ ಕಾಣುತ್ತದೆ. ಅಗಲ ತುದಿಯಲ್ಲಿನ ಗಾಳಿಕೋಶವು ದೊಡ್ಡದಾಗಿರುತ್ತದೆ.

18ನೇ ದಿನ: ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶ ಹೆಚ್ಚಿಸಿ, ಮುಚ್ಚಳವನ್ನು ಮುಚ್ಚುವುದು. ಇನ್ನು ಮರಿ ಹೊರಬಂದು ಒಣಗುವವರೆಗೆ ತೆರೆಯಬಾರದು.

20ನೇ ದಿನ: ಮರಿಯು ಕೊಕ್ಕಿನಿಂದ ಗಾಳಿಕೋಶವನ್ನು ಸೀಳಿ ಮೊದಲ ಉಸಿರು ಎಳೆದುಕೊಳ್ಳುತ್ತದೆ. ಮೊಟ್ಟೆಯೊಳಗಿನಿಂದಲೇ ಕೂಗು ಕೇಳಿಸುತ್ತದೆ. ಮಕ್ಕಳನ್ನು ಸದ್ದಿಲ್ಲದೆ ಕೂರಿಸಿ ಕೇಳಿಸುವುದು.

21ನೇ ದಿನ: ಕೊಕ್ಕಿನ ತುದಿಯಲ್ಲಿರುವ ಸಣ್ಣ ಗಡುಸು ಮುಳ್ಳಿನಿಂದ ಮರಿಯು ಚಿಪ್ಪನ್ನು ಒಡೆಯುತ್ತದೆ. ಮೊದಲ ಬಿರುಕಿನಿಂದ ಪೂರ್ತಿ ಹೊರಬರಲು 12ರಿಂದ 24 ಗಂಟೆ ಬೇಕಾಗಬಹುದು. ನಡುವೆ ಬಹಳ ಹೊತ್ತು ಸುಮ್ಮನಿರುತ್ತದೆ. ಕರುಣೆಯಿಂದ ಚಿಪ್ಪನ್ನು ಬಿಡಿಸಿದರೆ ಇನ್ನೂ ಒಣಗದ ರಕ್ತನಾಳಗಳು ಹರಿದು ಮರಿ ಸಾಯಬಹುದು. ಆದ್ದರಿಂದ ಸಹಾಯ ಮಾಡಬಾರದು.

7. ವಿದ್ಯುತ್ ನಿಲುಗಡೆಯಾದಲ್ಲಿ

ಯಂತ್ರಕ್ಕೆ ಯು.ಪಿ.ಎಸ್. ಸಂಪರ್ಕ ಇರುವುದು ಕಡ್ಡಾಯವೆಂದು ಭಾವಿಸಬೇಕು. ನಿರ್ವಹಣೆಗಾಗಿ ಮಾಡುವ ವಿದ್ಯುತ್ ನಿಲುಗಡೆಯ ಪ್ರಕಟಣೆಗಳನ್ನು ಗಮನಿಸುವುದು. ಬೆಸ್ಕಾಂ ಸಹಾಯವಾಣಿ ಸಂಖ್ಯೆ 1912. ವಿದ್ಯುತ್ ಇಲ್ಲದಾಗ ಮುಚ್ಚಳ ತೆರೆಯದೆ, ಗಾಳಿಯ ರಂಧ್ರಗಳು ಮುಚ್ಚಿಹೋಗದಂತೆ ಯಂತ್ರಕ್ಕೆ ಕಂಬಳಿ ಹೊದಿಸುವುದು. ಒಂದೆರಡು ಗಂಟೆ ತಣ್ಣಗಾದ ಮಾತ್ರಕ್ಕೆ ಮೊಟ್ಟೆಗಳನ್ನು ಎಸೆಯಬಾರದು. ಮರಿ ಹೊರಬರುವುದು ತುಸು ತಡವಾಗಬಹುದು. ಅತಿಯಾದ ಬಿಸಿಯು ತಂಪಿಗಿಂತ ಬೇಗ ಪ್ರಾಣ ತೆಗೆಯುತ್ತದೆ.

8. ಮರಿ ಹೊರಬಂದ ನಂತರ

ಹೊರಬರುವ ಮೊದಲು ಮರಿಯು ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಈ ಆಹಾರದ ಬಲದಿಂದ ಸುಮಾರು ಎರಡು ದಿನ ಬದುಕಬಲ್ಲದು. ಆದ್ದರಿಂದ ಮೈ ಒಣಗಿ ಪುಕ್ಕ ಅರಳುವವರೆಗೆ ಯಂತ್ರದಲ್ಲಿಯೇ ಬಿಟ್ಟು, ನಂತರ ಕಾವಿನ ಪೆಟ್ಟಿಗೆಗೆ ವರ್ಗಾಯಿಸುವುದು.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಎಲ್.ಇ.ಡಿ. ಬಲ್ಬುಗಳು ಸಾಕಷ್ಟು ಶಾಖ ಕೊಡುವುದಿಲ್ಲ. ಹಳೆಯ ಮಾದರಿಯ ತಂತಿ ಬಲ್ಬು ಅಥವಾ ಇನ್ಫ್ರಾರೆಡ್ ಬಲ್ಬನ್ನು ತಂತಿ ಜಾಲರಿಯ ಒಳಗೆ ಭದ್ರವಾಗಿ ತೂಗುಹಾಕಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿಯಾಗುತ್ತಿದೆ ಎಂದೂ, ದೂರ ಸರಿದು ಬಾಯಿ ತೆರೆದರೆ ಸೆಕೆಯಾಗುತ್ತಿದೆ ಎಂದೂ, ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ಹದವಾಗಿದೆ ಎಂದೂ ತಿಳಿಯಬೇಕು.

ನೆಲಕ್ಕೆ ಭತ್ತದ ಹೊಟ್ಟು ಹಾಸುವುದು. ಬರಿಯ ದಿನಪತ್ರಿಕೆಯ ಮೇಲೆ ಕಾಲು ಜಾರಿ ಮರಿಗಳು ಕುಂಟಾಗುವ ಸಂಭವವಿದೆ. ಆಳವಿಲ್ಲದ ತಟ್ಟೆಯಲ್ಲಿ ಶುದ್ಧವಾದ ಬೆಣಚುಕಲ್ಲುಗಳನ್ನು ಹಾಕಿ ನೀರಿಡುವುದು. ಇಲ್ಲದಿದ್ದಲ್ಲಿ ಮರಿಗಳು ಮುಳುಗಬಹುದು. ಅಕ್ಕಿನುಚ್ಚು, ರಾಗಿ ಮಾತ್ರ ಸಾಲದು; ಮರಿಗಳಿಗೆಂದೇ ತಯಾರಾದ ಆಹಾರವನ್ನು ಕೊಡಬೇಕು. ಕೊಕ್ಕರೆ ರೋಗ ಎಂದು ಕರೆಯಲಾಗುವ ರಾಣಿಖೇತ್ ರೋಗದ ವಿರುದ್ಧ ಸಾಮಾನ್ಯವಾಗಿ 5ರಿಂದ 7ನೇ ದಿನದಲ್ಲಿ ಮೊದಲ ಲಸಿಕೆ ಹಾಕಿಸಬೇಕಾಗುತ್ತದೆ. ಮರಿ ಪಡೆಯುವ ಕುಟುಂಬಕ್ಕೆ ಹುಟ್ಟಿದ ದಿನಾಂಕವನ್ನು ಬರೆದು ಕೊಡುವುದು.

9. ಮರಿಯಾಗದ ಮೊಟ್ಟೆ, ಬದುಕದ ಮರಿ

ಎಷ್ಟೇ ಎಚ್ಚರ ವಹಿಸಿದರೂ ಎಲ್ಲ ಮೊಟ್ಟೆಗಳೂ ಮರಿಯಾಗುವುದಿಲ್ಲ. ಕೆಲವು ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಕೆಲವು ಹೊರಬಂದ ಮೇಲೆ ಸಾಯುತ್ತವೆ. ಇದನ್ನು ಆರಂಭದಲ್ಲಿಯೇ ಮಕ್ಕಳಿಗೆ ತಿಳಿಸಿರಬೇಕು. ಸತ್ತ ಮರಿಯ ಬಗ್ಗೆ ಮಗು ಕೇಳಿದಾಗ "ಮಲಗಿದೆ", "ಊರಿಗೆ ಹೋಗಿದೆ" ಎಂದು ಹೇಳದೆ, "ಸತ್ತುಹೋಯಿತು, ಇನ್ನು ಏಳುವುದಿಲ್ಲ" ಎಂದು ಮೃದುವಾಗಿ, ಸ್ಪಷ್ಟವಾಗಿ ಹೇಳುವುದು. ಮಲಗಿದೆ ಎಂಬ ಮಾತಿನಿಂದ ಕೆಲ ಮಕ್ಕಳು ತಾವು ಮಲಗಲು ಹೆದರುವುದುಂಟು.

23ನೇ ದಿನದವರೆಗೂ ಬಿರುಕು ಬಿಡದ ಮೊಟ್ಟೆಗಳನ್ನು ಮಕ್ಕಳ ಎದುರಿಗೆ ಒಡೆಯಬಾರದು. ಕೈಗವಸು ಧರಿಸಿ, ನಾಯಿಗಳು ಕೆದಕದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು.

10. ಹಕ್ಕಿ ಜ್ವರದ ಬಗ್ಗೆ ಎಚ್ಚರಿಕೆ

ರಾಜ್ಯದಲ್ಲಿ ಹಕ್ಕಿ ಜ್ವರವು ಹಲವು ಬಾರಿ ಕಾಣಿಸಿಕೊಂಡಿದೆ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ, 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಹಾಗೂ ದಾವಣಗೆರೆ ಜಿಲ್ಲೆಗಳಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಹಾಗೂ ಬಳ್ಳಾರಿ ಜಿಲ್ಲೆಗಳಲ್ಲಿ ರೋಗ ದೃಢಪಟ್ಟಿತ್ತು. ತಜ್ಞರೇ ಇರುವ ಸಂಸ್ಥೆಗೂ ರೋಗ ತಗುಲಬಹುದು ಎಂಬುದನ್ನು 2012ರ ಘಟನೆ ತೋರಿಸುತ್ತದೆ. 2025ರಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿ ಎರಡು ವರ್ಷದ ಮಗುವೊಂದು ಎಚ್5ಎನ್1 ಸೋಂಕಿನಿಂದ ಮೃತಪಟ್ಟಿತು.

ಜಿಲ್ಲೆಯಲ್ಲಾಗಲಿ ಅಕ್ಕಪಕ್ಕದ ಜಿಲ್ಲೆಗಳಲ್ಲಾಗಲಿ ರೋಗದ ವರದಿ ಇರುವ ಅವಧಿಯಲ್ಲಿ ಈ ಚಟುವಟಿಕೆಯನ್ನು ಆರಂಭಿಸಬಾರದು. ಕೋಳಿಗಳು ಅಥವಾ ಕಾಡುಹಕ್ಕಿಗಳು ಒಮ್ಮೆಲೇ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಲ್ಲಿ ಮುಟ್ಟದೆ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ತಿಳಿಸುವುದು.

11. ಬದಲಿ ವಿಧಾನ: ಕಾವು ಕೂತ ಕೋಳಿಯನ್ನು ನೋಡಿ ಬರುವುದು

ಯಂತ್ರ, ವಿದ್ಯುತ್, ರಜಾ ದಿನ, ಮರಿಗಳ ವಿಲೇವಾರಿ ಇವುಗಳ ಏರ್ಪಾಡು ಮಾಡಲಾಗದ ಕೇಂದ್ರಗಳು ಹಾಗೂ ಬಹುಪಾಲು ಚಿಕ್ಕ ಮಕ್ಕಳೇ ಇರುವ ಕೇಂದ್ರಗಳು ಈ ವಿಧಾನವನ್ನು ಅನುಸರಿಸುವುದು ಉತ್ತಮ. ಬೊಮ್ಮಸಂದ್ರದಿಂದ ಸ್ವಲ್ಪ ದೂರ ಹೋದರೆ ಹಿತ್ತಲು ಕೋಳಿ ಸಾಕುವ ಮನೆಗಳು ಇಂದಿಗೂ ಸಿಗುತ್ತವೆ. ಮಂಕರಿಯಲ್ಲಿ ಹುಲ್ಲು ಹಾಸಿ ಕಾವಿಗೆ ಕೂರಿಸಿದ ಹೇಟೆಯು ತಾನೇ ಮೊಟ್ಟೆಗಳನ್ನು ತಿರುಗಿಸುತ್ತದೆ. ಮೇವು ನೀರಿಗೆ ಮಾತ್ರ ಸ್ವಲ್ಪ ಹೊತ್ತು ಎದ್ದು ಬರುತ್ತದೆ. ಹುಟ್ಟಿದ ಮರಿಗಳಿಗೆ ತಾಯಿಯ ರೆಕ್ಕೆಯೇ ಕಾವು.

ಮೊಟ್ಟೆ ಇಟ್ಟ ವಾರದಲ್ಲಿ ಒಮ್ಮೆ, ಮರಿಯಾದ ವಾರದಲ್ಲಿ ಒಮ್ಮೆ ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ ಕರೆದೊಯ್ದು ನಾಲ್ಕಾರು ಅಡಿ ದೂರದಿಂದ ತೋರಿಸುವುದು. ಮರಿಯಿರುವ ಹೇಟೆ ಹತ್ತಿರ ಬಂದವರನ್ನು ಕುಕ್ಕುತ್ತದೆ. ನಡುವಿನ ದಿನಗಳನ್ನು ಗೋಡೆಯ ಪಟ್ಟಿಯಲ್ಲಿ ಎಣಿಸಬಹುದು. ಮನೆಯವರು ಒಪ್ಪಿದಲ್ಲಿ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳನ್ನು ಪಡೆದು ತೋರಿಸಬಹುದು. ಹಿಂದಿರುಗಿದ ಕೂಡಲೇ ಎಲ್ಲರೂ ಕೈ ತೊಳೆಯಬೇಕು. ಪಾದರಕ್ಷೆಗಳನ್ನು ಹೊರಗೇ ಬಿಡಬೇಕು.

12. ಲೆಕ್ಕದ ವಹಿ

ಕೇಂದ್ರವು ಒಂದು ವಹಿಯನ್ನು ನಿರ್ವಹಿಸುವುದು. ಕಾವಿಗೆ ಇಟ್ಟ ಮೊಟ್ಟೆಗಳ ಸಂಖ್ಯೆಯು ತೆಗೆದ ಮೊಟ್ಟೆ, ಸತ್ತ ಮರಿ ಹಾಗೂ ಹಸ್ತಾಂತರಿಸಿದ ಮರಿಗಳ ಒಟ್ಟು ಸಂಖ್ಯೆಗೆ ತಾಳೆಯಾಗಬೇಕು. ಉದಾಹರಣೆಗೆ, 12 ಮೊಟ್ಟೆಗಳಲ್ಲಿ 7ನೇ ದಿನ 2, 14ನೇ ದಿನ 1 ತೆಗೆದು, 1 ಮರಿಯಾಗದೆ ಉಳಿದು, 8 ಮರಿಗಳಾಗಿ, ಅವುಗಳಲ್ಲಿ 1 ಸತ್ತಿದ್ದರೆ, 7 ಮರಿಗಳನ್ನು ಪಡೆದವರ ಸಹಿ ವಹಿಯಲ್ಲಿರಬೇಕು. ತಾಳೆಯಾಗದ ಒಂದು ಮರಿಯೆಂದರೆ ಯಾರೂ ಹೊಣೆ ಹೊರದ ಒಂದು ಜೀವ. ಪೋಷಕರು ಈ ವಹಿಯನ್ನು ನೋಡಲು ಕೇಳಬಹುದು.

13. ಸೇವೆ ಹಾಗೂ ಸಲಹೆ ಪಡೆಯುವ ಬಗೆ

ಮೊಟ್ಟೆ ತರುವ ಮೊದಲೇ ಸಮೀಪದ ಪಶುವೈದ್ಯಕೀಯ ಸಂಸ್ಥೆಯ ವೈದ್ಯಾಧಿಕಾರಿಯವರನ್ನು ಭೇಟಿ ಮಾಡಿ, ಬಿಳಿ ಹಾಳೆಯಲ್ಲಿ ಈ ಕೆಳಕಂಡ ವಿವರಗಳನ್ನು ಬರೆದು ಸಲಹೆ ಕೋರುವುದು ಸೂಕ್ತ: ಕೇಂದ್ರದ ಹೆಸರು ಮತ್ತು ವಿಳಾಸ, ಮಕ್ಕಳ ಸಂಖ್ಯೆ ಮತ್ತು ವಯೋಮಾನ, ಮೊಟ್ಟೆಗಳ ಮೂಲ ಮತ್ತು ಸಂಖ್ಯೆ, ಕಾವಿಗೆ ಇಡುವ ದಿನಾಂಕ, ಮರಿ ಪಡೆಯುವವರ ಒಪ್ಪಿಗೆ ಪತ್ರದ ಪ್ರತಿ. ಲಸಿಕೆಯ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದು. ಪಶು ಚಿಕಿತ್ಸೆಗೆ ಸಂಬಂಧಿಸಿದ ಸಹಾಯವಾಣಿ ಸಂಖ್ಯೆ 1962.

ಕಾರ್ಖಾನೆ ಹಾಗೂ ಕಂಪನಿಗಳ ಕೇಂದ್ರಗಳು ತಮ್ಮ ಆಡಳಿತ ವರ್ಗದ ಒಪ್ಪಿಗೆ ಪಡೆಯಬೇಕು. ಅಂಗನವಾಡಿ ಕಾರ್ಯಕರ್ತೆಯರು ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಗಮನಕ್ಕೆ ತರದೆ ಈ ಚಟುವಟಿಕೆಯನ್ನು ಕೈಗೊಳ್ಳಬಾರದು. ಎಲ್ಲ ಪೋಷಕರ ಲಿಖಿತ ಒಪ್ಪಿಗೆ ಅಗತ್ಯ. ಅಲರ್ಜಿ, ಉಬ್ಬಸ ಇರುವ ಮಕ್ಕಳ ವಿವರವನ್ನು ಒಪ್ಪಿಗೆ ಪತ್ರದಲ್ಲಿಯೇ ಕೇಳುವುದು.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮರಿಯನ್ನು ನೋಡಿದ ಮಗು ಮೊಟ್ಟೆ ತಿನ್ನಲು ನಿರಾಕರಿಸಿದರೆ ಏನು ಮಾಡಬೇಕು?
ಉತ್ತರ: ಊಟದಲ್ಲಿ ಕೊಡುವ ಫಾರಂ ಮೊಟ್ಟೆಯಲ್ಲಿ ಮರಿ ಇರುವುದಿಲ್ಲವೆಂಬುದನ್ನು ತಿಳಿಸಬಹುದು. ಒತ್ತಾಯ ಮಾಡಬಾರದು. ಮೊಟ್ಟೆ ಸೇವಿಸದ ಕುಟುಂಬಗಳ ಮಕ್ಕಳೂ ಕೇಂದ್ರದಲ್ಲಿರುವುದರಿಂದ ಅವರ ಪೋಷಕರೊಂದಿಗೆ ಮೊದಲೇ ಮಾತನಾಡಿರಬೇಕು.

ಪ್ರಶ್ನೆ: ಮಗು ಹಠ ಮಾಡುತ್ತಿದೆ. ಒಂದು ಮರಿಯನ್ನು ಮನೆಗೆ ತರಬಹುದೇ?
ಉತ್ತರ: ತರಬಾರದು. ಐದು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಒಳಾಂಗಣದಲ್ಲಿ ಮರಿ ಸಾಕುವುದು ಸುರಕ್ಷಿತವಲ್ಲ. ಮರಿ ಇರುವ ಮನೆಗೆ ಒಮ್ಮೆ ಮಗುವನ್ನು ಕರೆದೊಯ್ದು ತೋರಿಸಬಹುದು.

ಪ್ರಶ್ನೆ: ಜಾತ್ರೆಯಲ್ಲಿ ಮಾರುವ ಬಣ್ಣದ ಮರಿಗಳನ್ನು ತಂದು ತೋರಿಸಬಹುದೇ?
ಉತ್ತರ: ಬೇಡ. ಮರಿಗಳಿಗೆ ಬಣ್ಣ ಹಚ್ಚಿ ಆಟಿಕೆಯಂತೆ ಮಾರುವುದನ್ನು ಪ್ರೋತ್ಸಾಹಿಸಬಾರದು. ಕಾವಿಲ್ಲದೆ ಸುತ್ತಾಡಿಸಿದ ಇಂತಹ ಮರಿಗಳು ಹೆಚ್ಚು ದಿನ ಬದುಕುವುದು ಅಪರೂಪ.

ಪ್ರಶ್ನೆ: 21ನೇ ದಿನ ಮುಗಿದರೂ ಮರಿ ಬಂದಿಲ್ಲ. ಏನು ಮಾಡಬೇಕು?
ಉತ್ತರ: ಉಷ್ಣತೆ ಸ್ವಲ್ಪ ಕಡಿಮೆಯಿದ್ದಲ್ಲಿ ಒಂದೆರಡು ದಿನ ತಡವಾಗುತ್ತದೆ. 23ನೇ ದಿನದವರೆಗೆ ಕಾಯುವುದು.

ಪ್ರಶ್ನೆ: ಪ್ರತಿ ವರ್ಷ ಈ ಚಟುವಟಿಕೆ ನಡೆಸಬಹುದೇ?
ಉತ್ತರ: ಹಿಂದಿನ ವರ್ಷದ ಎಲ್ಲ ಮರಿಗಳ ಲೆಕ್ಕ ತಾಳೆಯಾಗಿದ್ದು, ಮರಿ ಪಡೆಯಲು ಮತ್ತೆ ಒಪ್ಪಿಗೆ ದೊರೆತಲ್ಲಿ ನಡೆಸಬಹುದು. ಇಲ್ಲವಾದಲ್ಲಿ ಪರಿಚ್ಛೇದ 11ರ ವಿಧಾನವೇ ಸಾಕು.

ಸೂಚನೆ: ಮೇಲಿನ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾದ ಸಾಮಾನ್ಯ ಮಾರ್ಗದರ್ಶನವಾಗಿದೆ. ಮಗುವಿನ ಆರೋಗ್ಯದ ವಿಷಯದಲ್ಲಿ ವೈದ್ಯರ ಸಲಹೆಯೂ, ಮರಿಗಳ ಆರೋಗ್ಯದ ವಿಷಯದಲ್ಲಿ ಪಶುವೈದ್ಯರ ಸಲಹೆಯೂ ಅಂತಿಮ. ಮರಿಗಳನ್ನು ಪಡೆಯುವವರ ಒಪ್ಪಿಗೆ ಪತ್ರ ಕೈಸೇರಿದ ನಂತರವೇ ಮೊಟ್ಟೆಗಳನ್ನು ಕಾವಿಗೆ ಇಡಬೇಕೆಂದು ಕೇಂದ್ರಗಳ ನಿರ್ವಾಹಕರಲ್ಲಿ ಕೋರಲಾಗಿದೆ.